ನೋಡಿ ತಿಳಿ, ಮಾಡಿ ಕಲಿ: ದಂತ ಇಂಪ್ಲಾಂಟ್ ಶಿಕ್ಷಣ

ಕಳೆದುಕೊಂಡ ಹಲ್ಲಿನ ಸ್ಥಾನದಲ್ಲಿ ದವಡೆಯ ಮೂಳೆಗೆ ಟೈಟಾನಿಯಂ ಲೋಹದ ತಿರುಪನ್ನು ಕೂರಿಸಿ, ಅದರ ಮೇಲೆ ಕೃತಕ ಹಲ್ಲನ್ನು ಜೋಡಿಸುವ ಚಿಕಿತ್ಸೆಗೆ ದಂತ ಇಂಪ್ಲಾಂಟ್ ಎಂದು ಹೆಸರು. ಸ್ವೀಡನ್ನಿನ ಪ್ರೊಫೆಸರ್ ಬ್ರೋನೆಮಾರ್ಕ್ ಅವರು ಮೊಲದ ಮೂಳೆಯೊಡನೆ ಟೈಟಾನಿಯಂ ಗಟ್ಟಿಯಾಗಿ ಬೆಸೆದುಕೊಳ್ಳುವುದನ್ನು 1950ರ ದಶಕದಲ್ಲಿ ಕಂಡು, 1965ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆಯನ್ನು ನೀಡಿದರು.

ಈ ವಿದ್ಯೆಯನ್ನು ಉಪನ್ಯಾಸ ಕೇಳಿದ ಮಾತ್ರಕ್ಕೆ ಕಲಿಯಲಾಗದು. ಕೊರೆಯುವಾಗ ಮೂಳೆಯ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್ ತಲುಪಿ ಒಂದು ನಿಮಿಷ ನಿಂತರೆ ಸಾಕು, ಮೂಳೆಗೆ ಹಾನಿಯಾಗಬಲ್ಲದು. ಕೆಳದವಡೆಯೊಳಗಿನ ನರಕ್ಕೆ ಪೆಟ್ಟಾದರೆ ತುಟಿ, ಗದ್ದಗಳು ಮರಗಟ್ಟುತ್ತವೆ. ಲೆಕ್ಕದ ಪುಸ್ತಕದಲ್ಲಿ ತಪ್ಪಿದ ಅಂಕೆಯನ್ನು ತಿದ್ದಬಹುದು; ಮೂಳೆಯಲ್ಲಿ ತಪ್ಪಾಗಿ ಕೊರೆದ ರಂಧ್ರವನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗದು. ಆದುದರಿಂದಲೇ ವಿದ್ಯಾರ್ಥಿಯನ್ನು ಕೇವಲ ಶ್ರೋತೃವಾಗಿರಿಸದೆ, ತಾನೇ ಯೋಚಿಸಿ ಮಾಡುವಂತೆ ಪ್ರೇರೇಪಿಸುವ ಸಕ್ರಿಯ ಬೋಧನೆ ಇಲ್ಲಿ ಅನಿವಾರ್ಯ. ಅದರ ಮುಖ್ಯ ಕ್ರಮಗಳು ಮೂರು.

1. ಸಮಸ್ಯೆಯ ಮೂಲಕ ಕಲಿಕೆ: 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಶಿಕ್ಷಣದಲ್ಲಿ ಮೊದಲಾದ ಈ ಪದ್ಧತಿಯನ್ನು ಸ್ವೀಡನ್ನಿನ ಮಾಲ್ಮೋ ದಂತವೈದ್ಯ ಶಾಲೆ 1990ರಲ್ಲಿ ಕೈಗೊಂಡಿತು. ಇದರಲ್ಲಿ ಸಣ್ಣ ಗುಂಪಿನ ಮುಂದೆ ಒಬ್ಬ ರೋಗಿಯ ವೃತ್ತಾಂತವನ್ನಿಡುತ್ತಾರೆ. ಉದಾಹರಣೆಗೆ, ಅರವತ್ತು ವರ್ಷದ ಮಧುಮೇಹಿಗೆ ಕೆಳದವಡೆಯ ಹಲ್ಲೊಂದಿಲ್ಲ. ಸ್ಕ್ಯಾನ್‌ನಲ್ಲಿ ನರದ ಮೇಲಿರುವ ಮೂಳೆಯ ಎತ್ತರ 10 ಮಿಲಿಮೀಟರ್. ನರದಿಂದ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡಬೇಕೆಂಬುದು ಸಾಮಾನ್ಯ ನಿಯಮ. ಹಾಗಾದರೆ ತಿರುಪಿನ ಉದ್ದವೆಷ್ಟಿರಬೇಕು? ರಕ್ತದ ಸಕ್ಕರೆ ಹತೋಟಿಯಲ್ಲಿದೆಯೇ? ರೋಗಿ ಧೂಮಪಾನಿಯೇ? ವಿದ್ಯಾರ್ಥಿಗಳು ಓದಿ ಬಂದು ತಮ್ಮ ನಿರ್ಣಯವನ್ನು ಸಮರ್ಥಿಸಬೇಕು. ಗುರುಗಳು ಉತ್ತರ ಹೇಳುವುದಿಲ್ಲ. ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸುತ್ತಾರೆ.

2. ಮಾದರಿಯ ಮೇಲೆ ಅಭ್ಯಾಸ: ಕೃತಕ ದವಡೆಯಲ್ಲಿ, ಸಲೈನ್ ದ್ರವ ಹರಿಸಿ ತಂಪುಗೊಳಿಸುತ್ತಾ, ಹಂತಹಂತವಾಗಿ ಕೊರೆಯುವುದನ್ನು ಕಲಿಸುತ್ತಾರೆ. ಕೊರೆದ ಮಾದರಿಯನ್ನು ಸೀಳಿ ನೋಡಿದಾಗ ಓರೆ, ಆಳ, ಅಂತರಗಳ ದೋಷವೆಲ್ಲ ಕಣ್ಣೆದುರಿಗೇ ಇರುತ್ತದೆ.

3. ಸ್ವಪರೀಕ್ಷೆ: ವಿದ್ಯಾರ್ಥಿ ತನ್ನ ಕೆಲಸಕ್ಕೆ ನಿಗದಿತ ಪಟ್ಟಿಯ ಪ್ರಕಾರ ತಾನೇ ಮೊದಲು ಅಂಕ ನೀಡುತ್ತಾನೆ, ಬಳಿಕ ಗುರುಗಳು ನೀಡುತ್ತಾರೆ. ಇವೆರಡರ ನಡುವಿನ ವ್ಯತ್ಯಾಸವೇ ಅಂದಿನ ಪಾಠ.

ಇಷ್ಟಾದ ಮೇಲೆಯೇ ಆತನು ಸಹಾಯಕನಾಗಿ, ಅನಂತರ ಗುರುಗಳ ಕಣ್ಗಾವಲಿನಲ್ಲಿ ರೋಗಿಯ ಚಿಕಿತ್ಸೆಗೆ ತೊಡಗುವುದು ಉಚಿತ.

ಇಂಪ್ಲಾಂಟ್ ಮಾಡಿಸಿಕೊಳ್ಳಬಯಸುವವರು ಬೆಲೆಯೊಂದನ್ನೇ ವಿಚಾರಿಸದೆ, ವೈದ್ಯರು ಪಡೆದ ತರಬೇತಿಯನ್ನೂ ತಮ್ಮ ಮೂಳೆಯ ಅಳತೆಯನ್ನೂ ಸಂಕೋಚವಿಲ್ಲದೆ ಕೇಳಿ ತಿಳಿಯಬೇಕು. ಪ್ರಶ್ನೆಗಳ ನಡುವೆಯೇ ಕಲಿತು ಬಂದ ವೈದ್ಯರು ರೋಗಿಯ ಪ್ರಶ್ನೆಗೆ ಬೇಸರಿಸಲಾರರು.