ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಬೇರೆ ಡ್ರೈವರ್ ಹಾಕುವ ಕ್ರಮ



ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ, ಕಾಲೇಜಿಗೆ ಹೋಗುವ ಮಕ್ಕಳಿರುವ ಅನೇಕ ಮನೆಗಳಿಗೆ ಲ್ಯಾಪ್‌ಟಾಪ್ ಬಂದಿರುವುದನ್ನು ತಾವು ಬಲ್ಲಿರಿ. ಪಹಣಿ ನೋಡುವುದು, ಬೆಳೆ ವಿಮೆಯ ಅರ್ಜಿ ತುಂಬುವುದು, ಅರಿಸಿನದ ಧಾರಣೆ ತಿಳಿಯುವುದು ಎಲ್ಲವೂ ಅದರಲ್ಲಿಯೇ ಆಗುತ್ತದೆ. ಅದರ ಕೀಲಿಮಣೆಯ ಮುಂದಿರುವ ಅಂಗೈಯಗಲದ ನುಣುಪು ಜಾಗಕ್ಕೆ ಟಚ್‌ಪ್ಯಾಡ್ ಎಂದು ಹೆಸರು. ಹೊಸ ಯಂತ್ರಗಳಲ್ಲಿ ಇದರ ಮೇಲೆ ಎರಡು ಬೆರಳು ಎಳೆದರೆ ಹಾಳೆ ಸರಿಯುತ್ತದೆ. ಎರಡು ಬೆರಳು ಅಗಲಿಸಿದರೆ ಪಹಣಿಯ ಸಣ್ಣ ಅಕ್ಷರ ದೊಡ್ಡದಾಗುತ್ತದೆ. ಮೂರು ಬೆರಳು ಮೇಲಕ್ಕೆ ತಳ್ಳಿದರೆ ತೆರೆದಿಟ್ಟ ಕಿಟಕಿಗಳೆಲ್ಲ ಒಟ್ಟಿಗೆ ಕಾಣುತ್ತವೆ. ಹಳೆಯ ಯಂತ್ರದಲ್ಲಿ ಇವು ಇಲ್ಲದಿದ್ದರೆ, ಬೇರೆ ಡ್ರೈವರ್ ಹಾಕಿ ಪಡೆಯುವುದು ಎಷ್ಟೋ ವೇಳೆ ಸಾಧ್ಯ. ಆದರೆ ಹಿಂದಿರುಗುವ ದಾರಿಯನ್ನು ಮೊದಲು ಮಾಡಿಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಕೂಡದು.

ಡ್ರೈವರ್ ಎಂದರೇನು? ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಕೇರಳದ ವ್ಯಾಪಾರಿ ಬಂದನೆನ್ನಿ. ಅವನಿಗೆ ಕನ್ನಡ ಬಾರದು, ತಮಗೆ ಮಲಯಾಳ ಬಾರದು. ನಡುವೆ ಎರಡೂ ಬಲ್ಲವನೊಬ್ಬ ನಿಂತು ಮಾತು ದಾಟಿಸುತ್ತಾನೆ. ಟಚ್‌ಪ್ಯಾಡಿಗೂ ವಿಂಡೋಸಿಗೂ ನಡುವೆ ಹಾಗೆ ನಿಲ್ಲುವ ತಂತ್ರಾಂಶವೇ ಡ್ರೈವರ್. ಪ್ಯಾಡು ಮೂರು ಬೆರಳನ್ನು ಗುರುತಿಸಿದರೂ ದುಭಾಷಿಗೆ ಎರಡರವರೆಗೆ ಮಾತ್ರ ಹೇಳಲು ಬಂದರೆ, ಮೂರನೆಯದು ವಿಂಡೋಸಿಗೆ ತಿಳಿಯುವುದೇ ಇಲ್ಲ. ಹೆಚ್ಚು ಬಲ್ಲ ದುಭಾಷಿಯನ್ನು ಕೂರಿಸುವುದೇ ಈ ಪಾಠದ ವಿಷಯ. 2013ರಲ್ಲಿ ವಿಂಡೋಸ್ 8.1ರೊಡನೆ ಮೈಕ್ರೋಸಾಫ್ಟಿನವರು ‘ಪ್ರಿಸಿಷನ್ ಟಚ್‌ಪ್ಯಾಡ್’ ಎಂಬ ಏರ್ಪಾಡನ್ನು ತಂದರು. ಮುಂದಿನ ಕ್ರಮ ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಿಗೆ ಹೊಂದುವುದು. ವಿಂಡೋಸ್ 7ಕ್ಕೆ ಹೊಂದದು.

ಮೊದಲು ಈ ಖರ್ಚಿಲ್ಲದ ಪರೀಕ್ಷೆಗಳನ್ನು ಮಾಡಿ ನೋಡಿ. ಬೆರಳಿನ ಚರ್ಮ ಸಮೀಪಿಸಿದಾಗ ಪ್ಯಾಡಿನೊಳಗಿನ ತೆಳುವಾದ ತಂತಿಗಳಲ್ಲಿ ವಿದ್ಯುತ್ತಿನ ಪ್ರಮಾಣ ಕೊಂಚ ಬದಲಾಗುತ್ತದೆ. ಆ ಬದಲಾವಣೆಯನ್ನೇ ಅದು ಅಳೆಯುವುದು, ಒತ್ತಡವನ್ನಲ್ಲ. ಗುದ್ದಲಿ ಹಿಡಿದು ಜಡ್ಡುಗಟ್ಟಿದ ಒಣ ಬೆರಳು ಅದಕ್ಕೆ ಸರಿಯಾಗಿ ತಿಳಿಯದು; ಒದ್ದೆ ಕೈಯಾದರೆ ಬಾಣ ಎಲ್ಲೆಲ್ಲಿಗೋ ಹಾರುತ್ತದೆ. ಕೈ ತೊಳೆದು ಒರೆಸಿ, ಬೆರಳ ತುದಿಯ ಮೆತ್ತನೆಯ ಭಾಗವನ್ನು ಊರಿ ನೋಡಿ. ಕೆಲವು ಕೀಲಿಮಣೆಗಳಲ್ಲಿ ಟಚ್‌ಪ್ಯಾಡನ್ನು ಆರಿಸುವ ಗುಂಡಿಯೂ ಉಂಟು. ಅದನ್ನು ಅರಿಯದೆ ಒತ್ತಿ, ಯಂತ್ರ ಕೆಟ್ಟಿತೆಂದು ಪೇಟೆಗೆ ಹೊತ್ತುಕೊಂಡು ಹೋದರೆ ಬಸ್ಸಿನ ಖರ್ಚು ದಂಡ. ಆ ಮೇಲೆ ‘ಸೆಟ್ಟಿಂಗ್ಸ್’ನಲ್ಲಿ ಟಚ್‌ಪ್ಯಾಡಿನ ಪುಟ ತೆರೆಯಿರಿ. ಮೂರು ಬೆರಳಿನ ಸನ್ನೆಗಳ ಸಾಲು ಅಲ್ಲಿ ಕಂಡರೆ ಹೊಸ ಡ್ರೈವರ್ ಬೇಕಿಲ್ಲ. ಆರಿಸಿದ್ದನ್ನು ಹೊತ್ತಿಸಿದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಪಹಣಿ ನೋಡುವವರಿಗೆ ಎರಡು ಬೆರಳಿನ ಕೆಲಸವೇ ಧಾರಾಳ. ಮೂರು, ನಾಲ್ಕು ಬೆರಳಿನವು ಓದುವ ಮಕ್ಕಳಿಗೆ ಅನುಕೂಲ.

ಹಾಕಲೇಬೇಕೆಂದಿದ್ದರೆ ಯಂತ್ರಕ್ಕೆ ಪೂರ್ತಿ ಚಾರ್ಜ್ ಮಾಡಿ, ತಂತಿಯ ಮೌಸೊಂದನ್ನು ಸಿಕ್ಕಿಸಿಕೊಳ್ಳಿ. ಬೆಳೆ ವಿಮೆಯ ಕೊನೆಯ ದಿನದ ಹಿಂದಿನ ಸಂಜೆಯಾಗಲಿ, ಮಕ್ಕಳ ಪರೀಕ್ಷಾ ಶುಲ್ಕ ಕಟ್ಟುವ ದಿನವಾಗಲಿ ಇದಕ್ಕೆ ತಕ್ಕುದಲ್ಲ. ‘ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಯಂತ್ರದ ಈಗಿನ ಸ್ಥಿತಿಯನ್ನು ಕಾಯ್ದಿಡಿ. ಅನಂತರ ವಿಂಡೋಸ್ ಗುಂಡಿಯನ್ನೂ ಎಕ್ಸ್ ಅನ್ನೂ ಒಟ್ಟಿಗೆ ಒತ್ತಿ, ಬಿಟ್ಟು, ಎಮ್ ಒತ್ತಿರಿ. ‘ಡಿವೈಸ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ಮೈಸ್ ಎಂಬ ಸಾಲಿನಡಿ ಟಚ್‌ಪ್ಯಾಡಿನ ಹೆಸರಿರುತ್ತದೆ. ಸಿನಾಪ್ಟಿಕ್ಸ್ ಎಂದೋ ಇಲಾನ್ ಎಂದೋ ಇದ್ದರೆ ಅದು ಪ್ಯಾಡು ಮಾಡಿದ ಕಂಪನಿಯ ಹೆಸರು. ಆ ಹೆಸರನ್ನೂ ಡ್ರೈವರಿನ ತಾರೀಖು, ಆವೃತ್ತಿಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಸಿನಾಪ್ಟಿಕ್ಸ್ ಪ್ಯಾಡಿಗೆ ಇಲಾನ್ ಡ್ರೈವರ್ ನಡೆಯದು.

ಡ್ರೈವರನ್ನು ಎಲ್ಲಿಂದ ತರುವಿರೆಂಬುದೇ ಮುಖ್ಯ. ದುಭಾಷಿ ಎಲ್ಲ ಮಾತನ್ನೂ ಕೇಳುವಂತೆ, ಡ್ರೈವರಿಗೂ ಯಂತ್ರದೊಳಗೆ ಬಹಳ ಅಧಿಕಾರವಿದೆ. ಕಳ್ಳ ಡ್ರೈವರ್ ಹೊಕ್ಕರೆ ತಾವು ಬ್ಯಾಂಕಿಗಾಗಿ ಒತ್ತುವ ಗುಪ್ತ ಸಂಖ್ಯೆಯೂ ಅನ್ಯರ ಪಾಲಾಗಬಹುದು. ಚೀಟಿಯಿಲ್ಲದ ಚೀಲದ ಬೀಜವನ್ನು ತಾವು ಬಿತ್ತುವಿರಾ? ಲ್ಯಾಪ್‌ಟಾಪ್ ಕಂಪನಿಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು. ತಮ್ಮ ಮಾದರಿಗೆ ಪ್ರಿಸಿಷನ್ ಡ್ರೈವರ್ ಇಲ್ಲದಿದ್ದರೆ, ಅದೇ ಪ್ಯಾಡಿರುವ ಬೇರೆ ಕಂಪನಿಯ ಮಾದರಿಗೆ ಕೊಟ್ಟದ್ದು ಕೆಲವೊಮ್ಮೆ ಹೊಂದುತ್ತದೆ. ಡ್ರೈವರಿಗೆ ಸಹಿಯಿದೆಯೇ ಎಂದು ವಿಂಡೋಸ್ ತಾನೇ ನೋಡುತ್ತದೆ. ‘ಸಹಿಯ ತಪಾಸಣೆಯನ್ನು ಆರಿಸಿ’ ಎಂದು ಯಾರಾದರೂ ಹೇಳಿದರೆ ಕೆಲಸವನ್ನು ಅಲ್ಲಿಗೇ ಬಿಡಿ.

ಇಳಿಸಿದ ಕಟ್ಟನ್ನು ಒಂದು ಫೋಲ್ಡರಿನಲ್ಲಿ ಬಿಚ್ಚಿ. ಟಚ್‌ಪ್ಯಾಡಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಅಪ್‌ಡೇಟ್ ಡ್ರೈವರ್’ ಆರಿಸಿ. ಯಂತ್ರ ತಾನೇ ಹುಡುಕುವುದು ಬೇಡ. ‘ಬ್ರೌಸ್’, ಆಮೇಲೆ ‘ಲೆಟ್ ಮಿ ಪಿಕ್’, ಆಮೇಲೆ ‘ಹ್ಯಾವ್ ಡಿಸ್ಕ್’ ಎಂದು ಸಾಗಿ, ಬಿಚ್ಚಿದ ಫೋಲ್ಡರಿನಲ್ಲಿರುವ ಐಎನ್‌ಎಫ್ ಕಡತವನ್ನು ತೋರಿಸಿ. ಈ ಡ್ರೈವರ್ ಹೊಂದುವುದೆಂದು ಖಾತ್ರಿಯಿಲ್ಲ ಎಂಬ ಎಚ್ಚರಿಕೆ ಬರಬಹುದು. ಪ್ಯಾಡಿನ ಹೆಸರನ್ನು ಮತ್ತೊಮ್ಮೆ ತಾಳೆ ನೋಡಿ ಒಪ್ಪಿ. ಬಳಿಕ ಯಂತ್ರವನ್ನು ಆರಿಸಿ ಹೊತ್ತಿಸಬೇಕು.

ಬಾಣ ಅಲುಗದಿದ್ದರೆ ಗಾಬರಿ ಬೇಡ. ಮೌಸ್ ಹಿಡಿದು ಅದೇ ಜಾಗಕ್ಕೆ ಹೋಗಿ, ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಳೆಯದು ಬರುತ್ತದೆ. ಆ ಗುಂಡಿ ಮಂಕಾಗಿದ್ದರೆ ಕಾಯ್ದಿಟ್ಟ ಸ್ಥಿತಿಗೆ ಮರಳಿ. ಬಹು ಹಳೆಯ ಪ್ಯಾಡು ಹುಟ್ಟಿನಿಂದಲೇ ಒಂದೆರಡು ಬೆರಳಿಗಿಂತ ಹೆಚ್ಚು ಗುರುತಿಸದು. ಜೋಡೆತ್ತಿನ ನೊಗಕ್ಕೆ ಮೂರನೆಯ ಎತ್ತನ್ನು ಯಾವ ಡ್ರೈವರೂ ಕಟ್ಟಲಾರದು. ಲಿನಕ್ಸ್ ಇರುವ ಯಂತ್ರಗಳಿಗೆ ಈ ಪಾಠ ಬೇಕಿಲ್ಲ. ಗಡಿಯಾಚೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಅದನ್ನೇ ಬಳಸುತ್ತಾರೆ; ಅದರ ಡ್ರೈವರ್ ಸಾಮಾನ್ಯವಾಗಿ ಜೊತೆಯಲ್ಲಿಯೇ ಬರುತ್ತದೆ.

ಎಲ್ಲ ಸರಿಹೋದ ಮೇಲೂ, ವಿಂಡೋಸ್ ತಾನಾಗಿ ಹೊಸದಾಗುವಾಗ ಕೆಲವೊಮ್ಮೆ ಹಳೆಯ ಡ್ರೈವರನ್ನೇ ಮತ್ತೆ ತಂದು ಕೂರಿಸುತ್ತದೆ. ಆದುದರಿಂದ ಬಿಚ್ಚಿದ ಫೋಲ್ಡರನ್ನು ಅಳಿಸದೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ. ಇದೇ ಕ್ರಮದಲ್ಲಿ ಮತ್ತೊಮ್ಮೆ ಹಾಕಬಹುದು.