ಹುಲ್ಲುಹಾಸು ನೋಡಿಕೊಳ್ಳುವವರೇ, ಸಂಬಳ ಒಪ್ಪುವ ಮುನ್ನ ಇಷ್ಟು ಕೇಳಿ

ಉಡುಪಿ ಬಳಿಯ ಹೂಡೆಯ ಪಡುವಣದಲ್ಲಿ ಕಡಲು, ಮೂಡಣದಲ್ಲಿ ಸುವರ್ಣಾ ಹೊಳೆ. ನಡುವಿನ ಹೊಯಿಗೆ ನೆಲದಲ್ಲಿ ಹುಲ್ಲು ಬೆಳೆಸಿ ಉಳಿಸಿಕೊಳ್ಳುವುದಕ್ಕೆ ವಿದ್ಯೆ ಬೇಕು. ಬೇಸಗೆಯಲ್ಲಿ ಬಾವಿ ನೀರಿಗೆ ಉಪ್ಪೇರುತ್ತದೆ, ಆಟಿ ತಿಂಗಳ ಮಳೆಗೆ ಬೇರು ಕೊಳೆಯುತ್ತದೆ. ಇಲ್ಲಿನ ರೆಸಾರ್ಟ್‌ಗಳ ಲಾನ್, ಮಣಿಪಾಲದ ಕ್ಯಾಂಪಸ್, ಕಾಪು, ಕಾರ್ಕಳದ ಮೈದಾನಗಳಲ್ಲಿ ಈ ಕೆಲಸ ಕಲಿತವರಿಗೆ ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನ, ಬೆಂಗಳೂರಿನ ಗಾಲ್ಫ್ ಕ್ಲಬ್‌ಗಳು, ಕೊಲ್ಲಿ ದೇಶಗಳ ದಾರಿಯೂ ತೆರೆದಿದೆ.

ಗಾಲ್ಫ್ ಮೈದಾನದ ಹುಲ್ಲು, ನೀರು, ಯಂತ್ರ, ಕೆಲಸಗಾರರು, ಖರ್ಚು ಎಲ್ಲದರ ಹೊಣೆ ಹೊರುವವರು ಕೋರ್ಸ್ ಸೂಪರಿಂಟೆಂಡೆಂಟ್. ಅಮೆರಿಕದಲ್ಲಿ 1926ರಲ್ಲೇ ಇವರ ಸಂಘ ಹುಟ್ಟಿತು. ಅದು ಎರಡು ವರ್ಷಕ್ಕೊಮ್ಮೆ ಸಂಬಳ, ಸವಲತ್ತುಗಳ ಸಮೀಕ್ಷೆ ನಡೆಸುತ್ತದೆ. ಹಾಗಾಗಿ ಅಲ್ಲಿನವರು ಮಾತುಕತೆಗೆ ಕೂರುವಾಗ ತಮ್ಮ ಕೆಲಸದ ಬೆಲೆ ತಿಳಿದೇ ಕೂರುತ್ತಾರೆ. ನಮ್ಮಲ್ಲಿ ಮಾತು ‘ಕೈಗೆ ಎಷ್ಟು?’ ಎಂಬಲ್ಲಿಗೆ ಮುಗಿದುಬಿಡುತ್ತದೆ. ಆದರೆ ಕಾಯಿಲೆ ಬಿದ್ದಾಗ, ಕೆಲಸ ಬಿಟ್ಟಾಗ, ವಯಸ್ಸಾದಾಗ ಕೈಹಿಡಿಯುವುದು ಸವಲತ್ತುಗಳು. ಮಾಲಿಯಿಂದ ಮೇಲ್ವಿಚಾರಕರವರೆಗೆ ಎಲ್ಲರೂ ಅವನ್ನು ಹೀಗೆ ಹಂತಹಂತವಾಗಿ ಕೇಳಿ ಪಡೆಯಬಹುದು.

1. ನೇಮಕಾತಿ ಪತ್ರ ಪಡೆಯಿರಿ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅವುಗಳ ಪ್ರಕಾರ ನೇಮಕಾತಿ ಪತ್ರ ನಿಮ್ಮ ಹಕ್ಕು. ಅದರಲ್ಲಿ ಹುದ್ದೆಯ ಹೆಸರು ಸರಿಯಾಗಿದೆಯೇ ನೋಡಿ. ಕನಿಷ್ಠ ವೇತನ ನಿಗದಿಯಾಗುವುದು ಕೌಶಲದ ದರ್ಜೆಯ ಮೇಲೆ. ಸ್ಪ್ರಿಂಕ್ಲರ್ ಜಾಲ ನಿಭಾಯಿಸುವ, ಕತ್ತರಿಸುವ ಯಂತ್ರದ ಎತ್ತರ ಹೊಂದಿಸುವ, ರೋಗ ಗುರುತಿಸಿ ಔಷಧಿ ಸಿಂಪಡಿಸುವವರನ್ನು ‘ಹೆಲ್ಪರ್’ ಎಂದು ಬರೆದರೆ ಸಂಬಳ ಅಲ್ಲಿಯೇ ಕುಗ್ಗಿತು.

2. ಸಂಬಳವನ್ನು ಬಿಡಿಸಿ ನೋಡಿ

ಮೂಲ ವೇತನ, ತುಟ್ಟಿಭತ್ಯೆ, ಇತರ ಭತ್ಯೆ ಎಷ್ಟೆಷ್ಟು ಎಂದು ಬರೆಸಿಕೊಳ್ಳಿ. ಮೂಲ ವೇತನವನ್ನು ಸಣ್ಣದಾಗಿ ತೋರಿಸಿ ಭತ್ಯೆ ಉಬ್ಬಿಸಿದರೆ ಪಿಎಫ್ (ಭವಿಷ್ಯನಿಧಿ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಎರಡೂ ಕಡಿಮೆಯಾಗುತ್ತವೆ. ಹೊಸ ಸಂಹಿತೆ ಇದಕ್ಕೆ ಮಿತಿ ಹಾಕಿದೆ: ಇತರ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಮೊತ್ತವನ್ನೂ ವೇತನವೆಂದೇ ಲೆಕ್ಕ ಹಿಡಿಯಬೇಕು. ಒಟ್ಟು 30,000 ರೂಪಾಯಿಯಲ್ಲಿ ಭತ್ಯೆಯೇ 22,000 ಇದ್ದರೆ, ಅರ್ಧಕ್ಕಿಂತ ಹೆಚ್ಚಾದ 7,000 ರೂಪಾಯಿ 8,000ಕ್ಕೆ ಸೇರಿ ವೇತನ 15,000 ಆಗುತ್ತದೆ. ಮಾಲೀಕರ ಪಾಲಿನ ಪಿಎಫ್ ಮೊತ್ತವನ್ನೂ ಒಟ್ಟು ಸಂಬಳದೊಳಗೆ ತೋರಿಸಿದ್ದಾರೆಯೇ ಎಂಬುದನ್ನೂ ಕೇಳಿ.

3. ಪಿಎಫ್ ಖಾತೆ ಪರೀಕ್ಷಿಸಿ

20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ನಿಮ್ಮಿಂದ ಶೇ 12, ಮಾಲೀಕರಿಂದ ಶೇ 12. ವೇತನ 15,000 ಇದ್ದರೆ ನಿಮ್ಮ ಪಾಲು 1,800. ಮಾಲೀಕರ 1,800ರಲ್ಲಿ 1,250 ಪಿಂಚಣಿ ನಿಧಿಗೆ, 550 ನಿಮ್ಮ ಖಾತೆಗೆ ಹೋಗುತ್ತದೆ. ಹತ್ತು ವರ್ಷ ಸೇವೆಯಾದರೆ 58ರ ನಂತರ ಪಿಂಚಣಿ. 12 ಅಂಕಿಯ ಯುಎಎನ್ ಸಂಖ್ಯೆ ಕೇಳಿ ಪಡೆಯಿರಿ; ಕೆಲಸ ಬದಲಿಸಿದಾಗಲೂ ಅದೇ ಸಂಖ್ಯೆ ಕೊಡಿ. ಪೇ ಸ್ಲಿಪ್‌ನಲ್ಲಿ ಕಡಿತವಾದ ಮಾತ್ರಕ್ಕೆ ಹಣ ಕಟ್ಟಿದ್ದಾರೆ ಎಂದರ್ಥವಲ್ಲ. ತಿಂಗಳಿಗೊಮ್ಮೆ ಪಾಸ್‌ಬುಕ್ ತೆರೆದು ನೋಡಿ.

4. ಆಸ್ಪತ್ರೆ ಖರ್ಚಿನ ದಾರಿ ಖಚಿತಪಡಿಸಿಕೊಳ್ಳಿ

ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ. ನೀವು ಕೊಡುವುದು ಶೇ 0.75, ಮಾಲೀಕರು ಶೇ 3.25. ಅಂದರೆ 18,000ಕ್ಕೆ ನಿಮ್ಮಿಂದ 135, ಅವರಿಂದ 585. ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆಯಿಂದ ರಜೆ ಹಾಕಿದರೆ ನಿಯಮದಂತೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70, ಕೆಲಸದಲ್ಲಿ ಪೆಟ್ಟಾಗಿ ದುಡಿಯಲಾಗದಿದ್ದರೆ ಶೇ 90 ಬರುತ್ತದೆ. ಯಂತ್ರದ ಬ್ಲೇಡು, ಕೀಟನಾಶಕದ ನಡುವೆ ದುಡಿಯುವವರಿಗೆ ಇದು ದೊಡ್ಡ ಆಸರೆ. ಕೈಗವಸು, ಮಾಸ್ಕ್, ಬೂಟು ಕೊಡುವುದು ಮಾಲೀಕರ ಹೊಣೆ.

ಬಡ್ತಿ ಸಿಕ್ಕಿ ಸಂಬಳ 21,000 ದಾಟಿತೆನ್ನಿ. ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿ ಮುಗಿದ ಕೂಡಲೇ ಇಎಸ್‌ಐ ವಂತಿಗೆ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಸೌಲಭ್ಯವೂ ಮುಗಿಯುತ್ತದೆ. ಆದ್ದರಿಂದ ಬಡ್ತಿಯ ಮಾತಿನ ಜೊತೆಯಲ್ಲೇ ಕುಟುಂಬದ ಆರೋಗ್ಯ ವಿಮೆಯನ್ನೂ ಕೇಳಿ.

5. ಮೇಲ್ವಿಚಾರಕರಾದರೆ ರಜೆ, ಸಮಯವನ್ನು ಬರೆಸಿಕೊಳ್ಳಿ

ಬಹಳ ಮಂದಿ ಗಮನಿಸದ ಅಂಶವಿದು. ಮೇಲ್ವಿಚಾರಣೆಯ ಕೆಲಸದಲ್ಲಿದ್ದು 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಹೊಸ ಸಂಹಿತೆಗಳ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ವರ್ಷಕ್ಕೆ 180 ದಿನ ದುಡಿದ ಕಾರ್ಮಿಕರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆಯ ಹಕ್ಕಿದೆ. ಮೇಲ್ವಿಚಾರಕರು ಇದನ್ನು ಪತ್ರದಲ್ಲಿ ಬರೆಸಿಕೊಂಡೇ ಪಡೆಯಬೇಕು. ಟೂರ್ನಿ, ಮದುವೆ ಸಮಾರಂಭಗಳ ಹಿಂದಿನ ರಾತ್ರಿ ನಿಂತು ದುಡಿಯುವ ಕೆಲಸಕ್ಕೆ ಬದಲಿ ರಜೆ, ವಸತಿ, ಫೋನ್ ಮತ್ತು ಪೆಟ್ರೋಲ್ ಖರ್ಚು, ತರಬೇತಿ ಶುಲ್ಕವನ್ನೂ ಸೇರಿಸಿ.

6. ಗ್ರಾಚ್ಯುಟಿ ಲೆಕ್ಕ ಕಲಿಯಿರಿ

ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 26,000 ವೇತನಕ್ಕೆ ಎಂಟು ವರ್ಷದಲ್ಲಿ 1,20,000 ರೂಪಾಯಿ. ಕಾಯಂ ನೌಕರರಿಗೆ ಐದು ವರ್ಷ ಬೇಕು. ನಿಗದಿತ ಅವಧಿಯ ನೇಮಕವಾದರೆ ಈಗ ಒಂದು ವರ್ಷ ಸಾಕು. ಪ್ರತಿವರ್ಷ ನವೀಕರಣದ ಪತ್ರ ಕೊಡುತ್ತಿದ್ದರೆ ಅವನ್ನೆಲ್ಲ ಕಾಪಾಡಿಕೊಳ್ಳಿ.

7. ಗುತ್ತಿಗೆದಾರರ ಕೈಕೆಳಗಿದ್ದರೆ ಎಚ್ಚರ

ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಕೊಡಬೇಕಾದ ಹೊಣೆ ಮೂಲ ಮಾಲೀಕರದು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಕೆಲಸ ಬಿಟ್ಟರೆ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಸಿಗಬೇಕು. ಸಿಗದಿದ್ದರೆ ಮೊದಲು ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಆಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಪಿಎಫ್ ದೂರಿಗೆ ಭವಿಷ್ಯನಿಧಿ ಕಚೇರಿ.

8. ಕೊಲ್ಲಿಗೆ ಹೊರಟವರು

ದುಬೈನ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನಲ್ಲಿ 1988ರಲ್ಲಿ ಹಸಿರು ಹುಲ್ಲಿನ ಮೈದಾನ ತೆರೆದ ಮೇಲೆ ಕೊಲ್ಲಿಯಲ್ಲಿ ಈ ಕೆಲಸ ಬೆಳೆಯಿತು. ಉಪ್ಪು ನೀರಿಗೆ ಹುಲ್ಲು ಒಗ್ಗಿಸಿದ ನಮ್ಮ ಕರಾವಳಿಯ ಅನುಭವ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಯುಎಇಯಲ್ಲಿ ಒಂದು ವರ್ಷ ತುಂಬಿದವರಿಗೆ ಸೇವೆಯ ಮೊದಲ ಐದು ವರ್ಷಗಳಿಗೆ ತಲಾ 21 ದಿನದ, ನಂತರದ ವರ್ಷಗಳಿಗೆ ತಲಾ 30 ದಿನದ ಮೂಲ ವೇತನ ಸೇವಾಂತ್ಯದಲ್ಲಿ ಸಿಗುತ್ತದೆ. ಅಲ್ಲಿಯೂ ಲೆಕ್ಕ ಮೂಲ ವೇತನದ್ದೇ, ಭತ್ಯೆಗೆ ಮರುಳಾಗಬೇಡಿ. ಏಜೆಂಟರು ಇ–ಮೈಗ್ರೇಟ್ ತಾಣದಲ್ಲಿ ನೋಂದಣಿಯಾಗಿದ್ದಾರೆಯೇ ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ.

ಫೈಲಿನಲ್ಲಿ ಇಷ್ಟಿರಲಿ

ನೇಮಕಾತಿ ಪತ್ರ, ಪೇ ಸ್ಲಿಪ್‌ಗಳು, ಯುಎಎನ್, ಇಎಸ್‌ಐ ಕಾರ್ಡ್, ಹಾಜರಾತಿಯ ಸ್ವಂತ ಟಿಪ್ಪಣಿ, ತರಬೇತಿ ಪ್ರಮಾಣಪತ್ರ. ಜೊತೆಗೆ ನೀವು ನೋಡಿಕೊಂಡ ನೆಲದ ವಿಸ್ತೀರ್ಣ, ಉಳಿಸಿದ ನೀರು, ದುರಸ್ತಿ ಮಾಡಿದ ಯಂತ್ರಗಳ ವಿವರ ಬರೆದಿಡಿ. ಸಂಬಳ ಹೆಚ್ಚಿಸಿ ಎಂದು ಕೇಳುವ ದಿನ ಈ ಲೆಕ್ಕವೇ ನಿಮ್ಮ ಪರವಾಗಿ ಮಾತಾಡುತ್ತದೆ. ನಿಮ್ಮ ಕೈಕೆಳಗಿನ ಹುಡುಗರಿಗೂ ಇದನ್ನು ಹೇಳಿಕೊಡಿ. ಅವರ ಪಿಎಫ್, ಇಎಸ್‌ಐ ಸರಿಯಾಗಿದೆಯೇ ಎಂದು ವಿಚಾರಿಸುವುದೂ ಒಳ್ಳೆಯ ಮೇಲ್ವಿಚಾರಕರ ಕೆಲಸವೇ.