ಕಸೂತಿಗೆ ಎಂಥ ಮಡಚು ಮೇಜು?

ಪ್ರಶ್ನೆ: ನಾನು ಜತ್ತ ತಾಲೂಕಿನ ಬೆಳುಂಕಿಯವಳು. ಇಳಕಲ್ ಸೀರೆಗೆ ಕಸೂತಿ ಹಾಕುತ್ತೇನೆ. ಕೈಯಲ್ಲಿ ಒಯ್ಯುವಂಥ ಮೇಜು ಯಾವುದು ಕೊಳ್ಳಲಿ?

ಉತ್ತರ: ಸಹೋದರಿ, ಬಟ್ಟೆಯನ್ನು ಹಲಗೆಯ ಮೇಲೇ ಹಾಸಿ ಹೊಲಿಯುವ ಮೇಜು ಬೇಡ. ಕಸೂತಿಯ ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣಬೇಕು, ಗಂಟೂ ಇರಕೂಡದು. ಅದಕ್ಕೇ ಒಂದು ಕೈ ಬಟ್ಟೆಯ ಕೆಳಗೆ ಆಡಬೇಕು. ಬಟ್ಟೆ ಬಿಗಿದ ರಿಂಗನ್ನು ಮೇಜಿನ ಅಂಚಿನಾಚೆ ಚಾಚಿ ಕ್ಲ್ಯಾಂಪಿನಿಂದ ಬಿಗಿಯಲು ಬರುವ ಹಗುರ ಮೇಜನ್ನೇ ಆರಿಸಿ. ಚಕ್ಕಳಮಕ್ಕಳ ಹಾಕಿ ಕೂತು ನೆಲದಿಂದ ಮೊಣಕೈವರೆಗೆ ಅಳೆಯಿರಿ. ಮೇಜು ಅದಕ್ಕಿಂತ ತುಸು ತಗ್ಗಿರಲಿ, ಇಲ್ಲದಿದ್ದರೆ ಹೆಗಲು ನೋಯುತ್ತದೆ. ಅಂಗಡಿಯಲ್ಲೇ ಮೇಜಿನ ಕಾಲು ಬಿಚ್ಚಿ, ಮೇಲೆ ಕೈಯೂರಿ ಅಲುಗಾಡಿಸಿ ನೋಡಿ. ಅಂಚಿನ ಮೇಲೆ ರೇಷ್ಮೆ ನೂಲೊಂದನ್ನು ಜಾರಿಸಿ. ಸಿಕ್ಕಿಕೊಂಡರೆ ಆ ಮೇಜು ಬಿಟ್ಟುಬಿಡಿ. ಬಲಗೈಯವರಾದರೆ ಬೆಳಕು ಎಡದಿಂದ ಬರಲಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಕಣ್ಣು ದಣಿದರೆ ಎಣಿಕೆ ತಪ್ಪುತ್ತದೆ, ಆಗಾಗ ವಿರಾಮ ಕೊಡಿ.